ಜನರೇಟರ್ ಖೋಲಿಯ ಅಣ್ಣ

ಯಾವ ಯಂತ್ರದ ಹತ್ತಿರ ಹೋದರೂ ಅವರು ಮೊದಲು ಅದರ ಮೈಮೇಲೆ ಅಂಗೈ ಇಡುತ್ತಿದ್ದರು. ಮೀಟರು ನೋಡುವುದು, ಸ್ಪ್ಯಾನರ್ ತೆಗೆಯುವುದು ಎಲ್ಲ ಆಮೇಲೆ. ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡುವವರಂತೆ ಒಂದು ಗಳಿಗೆ ಸುಮ್ಮನೆ ನಿಂತು, "ಆರಾಮ್ ಐತಿ" ಎಂದೋ, "ಇದರ ಮನಸು ಬರೋಬರ್ ಇಲ್ಲ" ಎಂದೋ ಹೇಳುತ್ತಿದ್ದರು. ನಮ್ಮ ಮನೆಯ ಮಿಕ್ಸರ್‌ಗೂ ಇದೇ ಮರ್ಯಾದೆ, ಅಂಟಾರ್ಕ್ಟಿಕಾದಲ್ಲಿ ಇಪ್ಪತ್ತಮೂರು ಜನರ ಜೀವ ಕಾಯುತ್ತಿದ್ದ ಡೀಸೆಲ್ ಜನರೇಟರಿಗೂ ಇದೇ ಮರ್ಯಾದೆ.

ಕಳೆದ ತಿಂಗಳು ಅವರು ತೀರಿಕೊಂಡರು. ಲಕ್ಷ್ಮೀ ನಗರದ ತಮ್ಮ ಮನೆಯಲ್ಲಿ ಬೆಳಗಿನ ಚಹಾ ಕುಡಿದು, ಪೇಪರ್ ಮಡಚಿಟ್ಟು, ಕುರ್ಚಿಯಲ್ಲಿ ಒರಗಿದವರು ಮತ್ತೆ ಏಳಲಿಲ್ಲ. ಅವರ ಹೆಂಡತಿಯ ಫೋನು ಬಂದಾಗ ನಾನು ರಾಮದಾಸಪೇಠೆಯ ಆಸ್ಪತ್ರೆಯಲ್ಲಿ ರೌಂಡ್ಸಿನಲ್ಲಿದ್ದೆ. ಹದಿನೈದು ನಿಮಿಷದಲ್ಲಿ ತಲುಪಿದೆ. ಡಾಕ್ಟರಾಗಿ ನಾನು ಮಾಡುವುದು ಏನೂ ಉಳಿದಿರಲಿಲ್ಲ. ಅವರ ಬಗ್ಗೆ ಹೇಳಬೇಕಾದದ್ದು ಮಾತ್ರ ಬಹಳ ಉಳಿದಿದೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಹೆಸರು ಬರೆಯುವುದಿಲ್ಲ. ತಮ್ಮ ಹೆಸರನ್ನು ನಾಲ್ಕು ಜನರ ಮುಂದೆ ಹೇಳಿದರೆ ಎದ್ದು ಆಚೆ ಹೋಗುತ್ತಿದ್ದ ಮನುಷ್ಯ ಅವರು.

ಗದಗಿನ ಕಡೆಯವರು. ಐ.ಟಿ.ಐ. ಮುಗಿಸಿ ಕೆಲಸಕ್ಕೆಂದು ನಾಗಪುರಕ್ಕೆ ಬಂದವರು ಇಲ್ಲೇ ಬೇರು ಬಿಟ್ಟರು. ಅಲ್ಲಿ ಇಲ್ಲಿ ದುಡಿದು ಕೊನೆಗೆ ಊರಿನ ಹತ್ತಿರದ ಮೌದಾದ ವಿದ್ಯುತ್ ಸ್ಥಾವರ ಸೇರಿ ಎಂಜಿನ್ನು, ಪಂಪುಗಳ ನಡುವೆ ವರ್ಷಗಳನ್ನು ಕಳೆದರು. ಐವತ್ತರ ಹತ್ತಿರ ಬಂದಾಗ, ಧ್ರುವ ಪ್ರದೇಶದ ನಮ್ಮ ದೇಶದ ಸಂಶೋಧನಾ ನೆಲೆಗೆ ಜನರೇಟರ್ ಮೆಕ್ಯಾನಿಕ್ ಬೇಕಾಗಿದ್ದಾರೆ ಎಂಬ ಸುದ್ದಿ ಕೇಳಿ ಅರ್ಜಿ ಹಾಕಿದರಂತೆ. ಯಾಕೆ ಎಂದು ಕೇಳಿದ್ದಕ್ಕೆ ಅವರು ಕೊಟ್ಟ ಉತ್ತರ: "ನಾಗಪುರದ ಬ್ಯಾಸಗಿ ಭಾಳ ನೋಡೀನ್ರಿ. ಒಂದ ವರ್ಷ ತಂಪ ಇರೂಣು ಅಂತ."

ನಾನು ಅದೇ ತಂಡಕ್ಕೆ ಡಾಕ್ಟರಾಗಿ ಆಯ್ಕೆಯಾಗಿದ್ದೆ. ಇಬ್ಬರೂ ನಾಗಪುರದವರೇ ಆದರೂ ಮೊದಲು ಭೇಟಿಯಾದದ್ದು ಹಿಮಾಲಯದ ತರಬೇತಿ ಶಿಬಿರದಲ್ಲಿ. ಟೆಂಟಿನ ಹೊರಗೆ ನಿಂತು ಅಮ್ಮನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದೆ. ಮುಗಿಯುವವರೆಗೂ ಆಚೆ ನಿಂತಿದ್ದವರು ಹತ್ತಿರ ಬಂದು, "ಮೈಸೂರ ಕಡೆಯೋರೇನ್ರಿ? ನಿಮ್ಮ ಕನ್ನಡಾ ರೇಡಿಯೋದಾಗಿನ ಕನ್ನಡದ್ಹಂಗ ಐತಿ" ಅಂದರು. ಅವತ್ತಿನಿಂದ ನಾನು ಅವರಿಗೆ ಡಾಕ್ಟರಬಾಯಾರು, ಅವರು ನನಗೆ ಅಣ್ಣ. ತಂಡದ ಉಳಿದವರೆಲ್ಲ ಅವರನ್ನು ಉಸ್ತಾದ್ ಎನ್ನುತ್ತಿದ್ದರು.

ಅಮ್ಮನ ವಿಷಯವನ್ನೂ ಇಲ್ಲೇ ಹೇಳಿಬಿಡಬೇಕು. ಅಪ್ಪ ಹೋದ ಮೇಲೆ ಅವಳು ಮೈಸೂರು ಬಿಟ್ಟು ನನ್ನ ಜೊತೆ ನಾಗಪುರಕ್ಕೆ ಬಂದಿದ್ದಳು. ನಾನೊಬ್ಬಳೇ ಮಗಳು. ಆಸ್ಪತ್ರೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ನಮ್ಮ ಫ್ಲ್ಯಾಟು. ಮರಾಠಿ ಅವಳಿಗೆ ಹತ್ತಲಿಲ್ಲ, ಹಿಂದಿಯಲ್ಲಿ ತರಕಾರಿಯ ಹೆಸರುಗಳಾಚೆ ಹೋಗಲಿಲ್ಲ. ಒಂದು ವರ್ಷ ಬಿಟ್ಟು ಹೋಗಲೋ ಬೇಡವೋ ಎಂದು ನಾನು ಒದ್ದಾಡುತ್ತಿದ್ದಾಗ, "ಹೋಗಿ ಬಾ, ನನಗೇನಾಗಿದೆ" ಎಂದು ನನ್ನ ಸೂಟ್‌ಕೇಸಿಗೆ ಚಟ್ನಿಪುಡಿಯ ಡಬ್ಬ ಇಟ್ಟವಳು ಅವಳೇ.

ನೆಲೆಗೆ ಹೋದ ಹೊಸದರಲ್ಲಿ ಸೂರ್ಯ ಮುಳುಗುತ್ತಲೇ ಇರಲಿಲ್ಲ. ಬೇಸಿಗೆ ಮುಗಿದು ಕೊನೆಯ ಹಡಗು ಹೊರಟ ಮೇಲೆ ಇಪ್ಪತ್ತಮೂರು ಜನ ಉಳಿದೆವು. ಮುಂದಿನ ಬೇಸಿಗೆಯವರೆಗೆ ಯಾರೂ ಬರುವಂತಿಲ್ಲ, ಯಾರೂ ಹೋಗುವಂತಿಲ್ಲ. ಮನೆಗೆ ಮಾತಾಡಲು ರೇಡಿಯೋ ಕೋಣೆಯ ಫೋನಿನಿಂದ ವಾರಕ್ಕೆ ಒಬ್ಬೊಬ್ಬರಿಗೆ ಹತ್ತು ನಿಮಿಷ. ಅದಕ್ಕೊಂದು ಪಾಳಿ, ಗೋಡೆಯ ಮೇಲೊಂದು ಪಟ್ಟಿ.

ಅಲ್ಲಿ ಜನರೇಟರ್ ನಿಂತರೆ ಬೆಳಕು ಹೋಗುವುದಷ್ಟೇ ಅಲ್ಲ, ನೀರು ಹೆಪ್ಪುಗಟ್ಟುತ್ತದೆ, ಕೋಣೆ ತಣ್ಣಗಾಗುತ್ತದೆ, ಕೆಲವೇ ಗಂಟೆಗಳಲ್ಲಿ ಮನುಷ್ಯರ ಸರದಿ ಬರುತ್ತದೆ. ಅದನ್ನು ಅಣ್ಣ ಯಾರಿಗೂ ನೆನಪಿಸುತ್ತಿರಲಿಲ್ಲ, ತಾವು ಮಾತ್ರ ಮರೆಯುತ್ತಿರಲಿಲ್ಲ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಕೆಯನ್ನು ಕಿವಿಗಿಟ್ಟುಕೊಂಡು ಒಳಗಿನ ಬೇರಿಂಗುಗಳ ಸದ್ದು ಕೇಳುತ್ತಿದ್ದರು. ನೋಡಲಾರದೆ ನನ್ನ ಹಳೆಯ ಸ್ಟೆತಸ್ಕೋಪ್ ಕೊಟ್ಟೆ. ಮಕ್ಕಳಿಗೆ ಆಟಿಕೆ ಸಿಕ್ಕ ಹಾಗಾಯಿತು. ಮರುದಿನ ನನ್ನನ್ನು ಕರೆದು, "ಇಲ್ಲಿ ಕೇಳ್ರಿ, ಇಲ್ಲಿ ಬರೋಬರ್ ಬಡಿಯಾಕತ್ತೈತಿ. ಈಗ ಇಲ್ಲಿ ಕೇಳ್ರಿ, ಸ್ವಲ್ಪ ಒಣಾ ಸದ್ದ ಬರ್ತೈತಿ. ಇದಕ್ಕ ಎಣ್ಣಿ ಸಾಲವಲ್ದು" ಎಂದು ಪಾಠ ಶುರುಮಾಡಿದರು.

ಒಳ್ಳೆಯದನ್ನೇ ಹೇಳುತ್ತಿದ್ದರೆ ಅವರ ಚಿತ್ರ ಪೂರ್ತಿಯಾಗುವುದಿಲ್ಲ. ಭಾರಿ ಹಟದ ಆಸಾಮಿ. ಯಾರದೋ ಕೋಣೆಯಲ್ಲಿ ದೀಪ ಸುಮ್ಮನೆ ಉರಿಯುತ್ತಿದ್ದರೆ, ಅವರು ಒಳಗೇ ಇದ್ದರೂ ಆರಿಸಿ ಹೋಗುತ್ತಿದ್ದರು. ಈ ವಿಷಯಕ್ಕೆ ನಮ್ಮ ತಂಡದ ನಾಯಕರ ಜೊತೆಗೂ ಜಗಳವಾಗಿತ್ತು. ನಾಯಕರು ಹವಾಮಾನ ವಿಜ್ಞಾನಿ, ಹಿಂದಿ ಸೀಮೆಯವರು, ಶಾಂತ ಸ್ವಭಾವದವರು. ಪಾಪ, ಓದುತ್ತಿದ್ದಾಗಲೇ ಕತ್ತಲಾಗಿತ್ತು. ಬಿ.ಪಿ. ನೋಡುತ್ತೇನೆ ಬನ್ನಿ ಎಂದರೆ ಅಣ್ಣ ಜನರೇಟರಿನ ನೆಪ ಹೇಳಿ ತಪ್ಪಿಸಿಕೊಳ್ಳುತ್ತಿದ್ದರು. ನಾಗಪುರಕ್ಕೆ ಬಂದ ಮೇಲೂ ಅದೇ ಚಾಳಿ. ಹೃದಯದ ಪರೀಕ್ಷೆ ಮಾಡಿಸಿ ಎಂದು ನಾನು ಎಷ್ಟು ಸಲ ಹೇಳಿದೆನೋ, ಅಷ್ಟು ಸಲ "ಮುಂದಿನ ವಾರ" ಅಂದರು. ಆ ಸಿಟ್ಟು ನನಗೆ ಇನ್ನೂ ಹೋಗಿಲ್ಲ.

ಏಪ್ರಿಲ್ ತಿಂಗಳ ಕೊನೆಯಲ್ಲಿ ರೇಡಿಯೋ ಕೋಣೆಗೆ ನನಗೊಂದು ಕರೆ ಬಂತು. ಮಾತಾಡಿದ್ದು ನಮ್ಮ ಆಸ್ಪತ್ರೆಯ ಸಹೋದ್ಯೋಗಿ. ಅಮ್ಮನಿಗೆ ಪಾರ್ಶ್ವವಾಯು ಹೊಡೆದಿತ್ತು. ಬೆಳಿಗ್ಗೆ ಕೆಲಸಕ್ಕೆ ಬಂದ ಹೆಂಗಸು ನೋಡಿ ಪಕ್ಕದ ಮನೆಯವರನ್ನು ಕರೆದು ಆಸ್ಪತ್ರೆಗೆ ಸೇರಿಸಿದ್ದಳು. ಬಲಗೈ, ಬಲಗಾಲು ಆಡುತ್ತಿಲ್ಲ, ಮಾತು ಪೂರ್ತಿ ನಿಂತಿದೆ, ಜೀವಕ್ಕೆ ಸದ್ಯ ಅಪಾಯವಿಲ್ಲ ಎಂದು ಅವರು ಡಾಕ್ಟರೊಬ್ಬರು ಡಾಕ್ಟರಿಗೆ ಹೇಳುವ ಧಾಟಿಯಲ್ಲೇ ಹೇಳಿದರು. ನಾನೂ ಹಾಗೆಯೇ ಕೇಳಿಸಿಕೊಂಡೆ, ಔಷಧಗಳ ಹೆಸರು ಕೇಳಿ ಬರೆದುಕೊಂಡೆ. ಫೋನು ಇಟ್ಟ ಮೇಲೆ ನನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಎಷ್ಟೋ ಜನರ ತಾಯಂದಿರನ್ನು ನೋಡಿಕೊಂಡವಳು ನಾನು, ನನ್ನ ತಾಯಿ ಮಲಗಿದಾಗ ಭೂಮಿಯ ತುದಿಯಲ್ಲಿ ಆರೋಗ್ಯವಾಗಿರುವ ಇಪ್ಪತ್ತೆರಡು ಜನರ ಕಾವಲಿಗೆ ಕೂತಿದ್ದೆ.

ಎರಡು ದಿನ ಊಟದ ಕೋಣೆಗೆ ಹೋಗಲಿಲ್ಲ. ಮೂರನೆಯ ದಿನ ಅಣ್ಣ ಬಾಗಿಲು ತಟ್ಟಿದರು. ಸಮಾಧಾನದ ಮಾತು ಒಂದೂ ಆಡಲಿಲ್ಲ.

"ಡಾಕ್ಟರಬಾಯಾರ, ನನ್ನ ಜೋಡಿ ಡ್ಯೂಟಿ ಮಾಡವ ಹುಷಾರಿಲ್ಲ ಅಂತ ಮಲಗ್ಯಾನ. ತಾಸಿಗೊಮ್ಮೆ ರೀಡಿಂಗ್ ಬರಕೊಳ್ಳಾಕ ಯಾರೂ ಇಲ್ಲ. ಜಲ್ದಿ ಬರ್ರಿ."

ಆ ಮನುಷ್ಯನಿಗೆ ಏನೂ ಆಗಿರಲಿಲ್ಲವೆಂದು ನನಗೆ ಆಮೇಲೆ ಗೊತ್ತಾಯಿತು. ಹುಷಾರಿಲ್ಲದಿದ್ದರೆ ಡಾಕ್ಟರಾದ ನನಗೇ ಮೊದಲು ತಿಳಿಯಬೇಕಿತ್ತು ಎಂಬುದು ಕೂಡ ಆಗ ಹೊಳೆಯಲಿಲ್ಲ. ಹೋದೆ. ಜನರೇಟರ್ ಖೋಲಿ ಬೆಚ್ಚಗಿತ್ತು. ಆ ಸದ್ದಿನಲ್ಲಿ ಯಾರಿಗೂ ಏನೂ ಹೇಳಬೇಕಾಗಿರಲಿಲ್ಲ. ಎಣ್ಣೆಯ ಒತ್ತಡ, ನೀರಿನ ಬಿಸಿ, ವೋಲ್ಟೇಜು ತಾಸಿಗೊಮ್ಮೆ ಬರೆಯುತ್ತಾ, ಸ್ಟೆತಸ್ಕೋಪ್ ಇಟ್ಟು ಕೇಳುತ್ತಾ ಹತ್ತು ಹನ್ನೆರಡು ದಿನ ಅಲ್ಲೇ ಕಳೆದೆ. ಅಲ್ಲಿ ಕೂತಿದ್ದಾಗಲೇ ಒಂದು ದಿನ ಅವರು ಕೇಳಿದರು.

"ಅಮ್ಮಾರ ಹತ್ರ ಕನ್ನಡಾ ಮಾತಾಡಾವ್ರು ಯಾರದಾರ್ರಿ?"

"ಯಾರೂ ಇಲ್ಲ ಅಣ್ಣಾ. ನರ್ಸುಗಳೆಲ್ಲ ಮರಾಠಿಯವರು."

ಅವರು ಕೈಯಲ್ಲಿದ್ದ ಬಟ್ಟೆಯಿಂದ ಬೆರಳು ಒರೆಸಿಕೊಂಡರು. ನಾಲ್ಕು ದಿನದ ಮೇಲೆ ನನ್ನ ಸಹೋದ್ಯೋಗಿ ಫೋನಿನಲ್ಲಿ ಹೇಳಿದರು: ದಿನಾ ಬೆಳಿಗ್ಗೆ ಒಬ್ಬರು ಹೆಂಗಸು ಬಂದು ನಿಮ್ಮ ಅಮ್ಮನ ಹತ್ತಿರ ಕೂರುತ್ತಾರೆ, ಗಂಜಿ ಕುಡಿಸುತ್ತಾರೆ, ಬಾಯಿ ತೆರೆದರೆ ಮುಚ್ಚುವುದಿಲ್ಲ, ಅದೇನು ಮಾತಾಡುತ್ತಾರೋ ನಮಗೆ ಒಂದಕ್ಷರ ತಿಳಿಯುವುದಿಲ್ಲ, ನಿಮ್ಮ ಅಮ್ಮ ಮಾತ್ರ ಅವರ ಮುಖವನ್ನೇ ನೋಡುತ್ತಿರುತ್ತಾರೆ. ಅದು ಅಣ್ಣನ ಹೆಂಡತಿ, ಅವರ ಕಡೆಯ ಮಾತಿನಲ್ಲಿ ನಾನು ವೈನಿ ಎನ್ನುವ ಅತ್ತಿಗೆ. ಲಕ್ಷ್ಮೀ ನಗರದಿಂದ ಆಟೋ ಹಿಡಿದು ಬರುತ್ತಿದ್ದರು. ಹುಟ್ಟಿದಾರಭ್ಯ ಮೈಸೂರು ಕನ್ನಡ ಕೇಳಿದ ಅಮ್ಮನಿಗೆ ಅವರ ಗದಗಿನ ಕನ್ನಡ ಅರ್ಧ ತಿಳಿಯುತ್ತಿತ್ತೋ ಇಲ್ಲವೋ. ಕನ್ನಡ ಎನ್ನುವುದಂತೂ ತಿಳಿಯುತ್ತಿತ್ತು. ಅಣ್ಣನಿಗೆ ಹೇಳಲು ಹೋದರೆ, "ಅಕಿಗೂ ಮಾತಾಡಾಕ ಯಾರರ ಬೇಕಾಗಿತ್ರಿ, ನಾ ಇಲ್ಲಲ್ಲ" ಎಂದು ಸ್ಪ್ಯಾನರ್ ಹುಡುಕತೊಡಗಿದರು.

ಮೇ ತಿಂಗಳ ಹುಣ್ಣಿಮೆಗೆ ಪೂರ್ಣ ಚಂದ್ರಗ್ರಹಣವಿತ್ತು. ನಾಯಕರಿಗೆ ಅದರ ಮೇಲೆ ಬಹಳ ಆಸೆ. ಆ ವೇಳೆಗೆ ಸೂರ್ಯ ನಡುಮಧ್ಯಾಹ್ನ ಹಿಮದ ಅಂಚಿನಲ್ಲಿ ಒಂದಿಷ್ಟು ಕೆಂಪು ತೋರಿಸಿ ಹೋಗಿಬಿಡುತ್ತಿದ್ದ, ಉಳಿದದ್ದೆಲ್ಲ ಇರುಳು. ಹುಣ್ಣಿಮೆಯ ಚಂದ್ರ ಮಾತ್ರ ಮುಳುಗುವ ಗೋಜಿಗೇ ಹೋಗದೆ ದಿಗಂತದ ಸುತ್ತ ತಿರುಗುತ್ತಿದ್ದ. ಊಟದ ಮೇಜಿನ ಮೇಲೆ ದೀಪ ಇಟ್ಟು, ಒಂದು ಕೈಯಲ್ಲಿ ಈರುಳ್ಳಿ, ಇನ್ನೊಂದರಲ್ಲಿ ಸಣ್ಣ ಗುಂಡಿ ಹಿಡಿದು ನಾಯಕರು ಗ್ರಹಣವನ್ನು ವಿವರಿಸಿದರು. ದೀಪ ಸೂರ್ಯ, ಈರುಳ್ಳಿ ಭೂಮಿ, ಅಂಗಿಯ ಗುಂಡಿ ಚಂದ್ರ. ಇದು ನಾಗಪುರದಲ್ಲಿ ಕಾಣುವುದಿಲ್ಲ ಎಂದಾಗ ಅಣ್ಣ ತಲೆ ಎತ್ತಿದರು.

"ನಾಗಪುರ ಎಲ್ಲೈತಿ ಇದರಾಗ?" ಅವರು ಕೇಳಿದ್ದು ಹಿಂದಿಯಲ್ಲಿ.

ನಾಯಕರು ಈರುಳ್ಳಿಯ ಮೇಲೆ ದೀಪದ ಬೆಳಕು ಬಿದ್ದ ಕಡೆ ಬೆರಳಿಟ್ಟರು. "ಇಲ್ಲಿ. ಬಿಸಿಲಿನಲ್ಲಿ. ನಮಗೆ ಗ್ರಹಣ ಹಿಡಿದಾಗ ಅಲ್ಲಿ ಬೆಳಿಗ್ಗೆ ಒಂಬತ್ತು ದಾಟಿರುತ್ತದೆ. ಚಂದ್ರ ಅಲ್ಲಿ ಮುಳುಗಿಯಾಗಿರುತ್ತದೆ."

ಅಣ್ಣ ಈರುಳ್ಳಿಯನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದರು. "ಹಂಗಾದ್ರ ಆ ನೆರಳಿನ್ಯಾಗ ನಾಗಪುರದ ಪಾಲೂ ಐತಿ. ಅಮ್ಮಾರು ಮಲಗಿರೂ ಮಂಚದ್ದೂ ಐತಿ. ಅವರಿಗೆ ಇದನ್ನ ಹೇಳಬೇಕ್ರಿ ನೀವು."

"ಹೇಗೆ? ನನ್ನ ಪಾಳಿ ಶನಿವಾರ."

"ಆಮ್ಯಾಲ ಹೇಳಿದ್ರ ಅದು ಬರೇ ಸುದ್ದಿ ಆಗತೈತಿ. ನೋಡಕೋತ ಹೇಳಬೇಕು."

ನೆಲೆಯಲ್ಲಿ ಬಯಲಿನಲ್ಲೂ ಕೆಲಸ ಮಾಡುವ ಉಪಗ್ರಹ ಫೋನು ಒಂದೇ ಒಂದಿತ್ತು. ಅಪಘಾತವಾದರೆ ಬಳಸಲೆಂದು ಅದನ್ನು ನಾಯಕರು ತಮ್ಮ ಕಪಾಟಿನಲ್ಲಿ ಬೀಗ ಹಾಕಿ ಇಟ್ಟಿದ್ದರು. ಅಣ್ಣ ಅದನ್ನೇ ಕೇಳಿದರು. ಆಗುವುದಿಲ್ಲ, ಅದು ತುರ್ತಿಗೆ ಮಾತ್ರ ಎಂದರು ನಾಯಕರು.

"ಸಾಬ್, ಇಲ್ಲಿ ಇರೋ ಡಾಕ್ಟ್ರು ಒಬ್ಬರ. ಅವರು ಹದಿನೈದು ದಿನದಿಂದ ಬರೋಬರ್ ಉಂಡಿಲ್ಲ, ಮಲಗಿಲ್ಲ. ನಾಳೆ ನಿಮಗ ಹೊಟ್ಟಿ ಕೊಯ್ಯೂ ಹೊತ್ತ ಬಂದ್ರ ಅವರ ಕೈ ನಡುಗಬಾರದು. ಇದಕ್ಕಿಂತ ತುರ್ತು ಯಾವುದೈತಿ?" ಇದೂ ಹಿಂದಿಯಲ್ಲೇ. ನಾನು ಅಲ್ಲೇ ಕೂತಿದ್ದೆ, ಮುಖ ಎಲ್ಲಿಟ್ಟುಕೊಳ್ಳಲಿ ಎಂದು ತಿಳಿಯಲಿಲ್ಲ. ನಾಯಕರು ನನ್ನನ್ನು ನೋಡಿದರು. "ಹತ್ತು ನಿಮಿಷ" ಎಂದರು.

ಇನ್ನೊಂದು ತೊಡಕಿತ್ತು. ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿನ ಚಳಿಯಲ್ಲಿ ಫೋನಿನ ಬ್ಯಾಟರಿ ಬೇಗ ಸತ್ತುಹೋಗುತ್ತದೆ. ಅಣ್ಣ ತಮ್ಮ ಉಣ್ಣೆಯ ಕಾಲುಚೀಲವೊಂದನ್ನು ಕತ್ತರಿಸಿ, ಕೈ ಬಿಸಿ ಮಾಡಿಕೊಳ್ಳುವ ಪುಡಿಯ ಪೊಟ್ಟಣಗಳನ್ನು ಅದರ ಮಡಿಕೆಯಲ್ಲಿಟ್ಟು ಹೊಲಿದು, ಫೋನಿಗೊಂದು ಅಂಗಿ ಮಾಡಿದರು. ವೈನಿಗೆ ಹೇಳುವ ಜವಾಬ್ದಾರಿಯನ್ನೂ ತಾವೇ ಹೊತ್ತರು. ಗ್ರಹಣದ ಹೊತ್ತಿನ ಜನರೇಟರ್ ಡ್ಯೂಟಿಯನ್ನೂ ತಾವೇ ಬರೆಸಿಕೊಂಡರು. ಉಳಿದವರೆಲ್ಲ ಹೊರಗೆ ಬರಬೇಕಲ್ಲ.

ಮೂರು ದಿನ ಬೀಸಿದ ಹಿಮಗಾಳಿ ಹಿಂದಿನ ಸಂಜೆ ನಿಂತಿತು. ನಮ್ಮ ಗಡಿಯಾರದಲ್ಲಿ ಬೆಳಗಿನ ಜಾವ ಮೂರರ ಸುಮಾರಿಗೆ ಎಲ್ಲರೂ ದಪ್ಪ ಬಟ್ಟೆ ಹೊದ್ದು ಹೊರಗೆ ಬಂದೆವು. ಚಂದ್ರನ ಅರ್ಧ ಆಗಲೇ ಹೋಗಿತ್ತು. ಹಿಂದಿನ ಸಂಜೆ ಹೊರಗೆ ಬಂದಾಗ ಎಂಥ ಬೆಳದಿಂಗಳಿತ್ತೆಂದರೆ ಹಿಮದ ಮೇಲೆ ನಮ್ಮ ನೆರಳು ನೀಲಿಯಾಗಿ ಬಿದ್ದಿತ್ತು, ಕೈಗಡಿಯಾರ ಓದಬಹುದಾಗಿತ್ತು. ಈಗ ಆ ಬೆಳಕನ್ನು ಯಾರೋ ನಿಧಾನವಾಗಿ ಸುತ್ತಿಡುತ್ತಿದ್ದ ಹಾಗೆ ಬಯಲು ಮಸುಕಾಗುತ್ತ ಹೋಯಿತು. ನೆಲೆಯ ಹೊರಗಿನ ದೀಪಗಳು ಒಂದೊಂದಾಗಿ ಆರಿದವು. ಅದು ಒಳಗಿದ್ದ ಅಣ್ಣನ ಕೆಲಸ. ಕೊನೆಯ ಬಿಳಿ ಅಂಚು ಮಾಯವಾಯಿತು. ಅಲ್ಲಿಯವರೆಗೆ ಎಲ್ಲಿದ್ದವೋ, ನಕ್ಷತ್ರಗಳು ಆಕಾಶದ ತುಂಬ ಎದ್ದವು. ಬೆನ್ನ ಹಿಂದೆ ದಕ್ಷಿಣದಲ್ಲಿ, ಬೆಳದಿಂಗಳಲ್ಲಿ ಕಾಣದೇ ಇದ್ದ ಧ್ರುವಪ್ರಭೆ ಹಸಿರು ಹೊಗೆಯ ಹಾಗೆ ಏಳುತ್ತಿತ್ತು. ಎದುರಿಗೆ, ಹಿಮದ ಬಯಲಿನ ಮೇಲೆ ಸ್ವಲ್ಪವೇ ಎತ್ತರದಲ್ಲಿ, ತಾಮ್ರದ ಬಣ್ಣದ ಚಂದ್ರ. ಬೆಳಕು ಕೊಡುವ ಚಂದ್ರನಲ್ಲ ಅದು. ದುಂಡಗೆ, ಭಾರವಾಗಿ, ಕೈಯಲ್ಲಿ ಹಿಡಿಯಬಹುದಾದ ಒಂದು ವಸ್ತುವಿನ ಹಾಗೆ ತೂಗುತ್ತಿತ್ತು.

ನಾಯಕರು ಕಾಲುಚೀಲದ ಅಂಗಿ ತೊಟ್ಟ ಫೋನನ್ನು ನನ್ನ ಕೈಗೆ ಕೊಟ್ಟರು. ವೈನಿ ಎರಡನೇ ರಿಂಗಿಗೆ ಎತ್ತಿಕೊಂಡರು.

"ಹಾಂ ಡಾಕ್ಟರಬಾಯಾರ, ಅಮ್ಮಾರ ಬಾಜೂಕ್ಕನ ಕುಂತೇನಿ. ಕಿವಿಗೆ ಹಿಡಿತೇನಿ ನೋಡ್ರಿ, ಮಾತಾಡ್ರಿ."

ವಾರ್ಡಿನ ಕೂಲರಿನ ಭರ್ರೆನ್ನುವ ಸದ್ದು ಕೇಳಿಸಿತು.

"ಅಮ್ಮಾ, ನಾನು. ಇಲ್ಲಿ ಗ್ರಹಣ ಹಿಡಿದಿದೆ. ನಾನು ಹೊರಗೆ ನಿಂತಿದ್ದೀನಿ."

ಆ ಫೋನಿನಲ್ಲಿ ಮಾತು ಹೋಗಿ ಮುಟ್ಟಲು ತುಸು ಹೊತ್ತು ಬೇಕು. ಆ ಕಡೆಯಿಂದ ಉಸಿರು ಮಾತ್ರ ಕೇಳುತ್ತಿತ್ತು. ಕಂಡದ್ದನ್ನೆಲ್ಲ ಹೇಳುತ್ತ ಹೋದೆ. ಚಂದ್ರ ಅಜ್ಜಿಯ ಮನೆಯ ತಾಮ್ರದ ಹಂಡೆಯ ಬಣ್ಣ ಆಗಿದೆ ಎಂದೆ. ನಕ್ಷತ್ರಗಳು ನಮ್ಮೂರಿನಲ್ಲಿ ಕಾಣುವವಲ್ಲ, ಬೇರೆಯವು ಎಂದೆ. ಚಂದ್ರನ ಮೇಲೆ ಬಿದ್ದಿರುವುದು ಭೂಮಿಯ ನೆರಳು, ಅದರಲ್ಲಿ ನೀನು ಮಲಗಿರುವ ಆಸ್ಪತ್ರೆಯ ನೆರಳೂ ಇದೆ, ಅಷ್ಟು ದೂರದಿಂದ ಅದು ನನಗೆ ಕಾಣಿಸುತ್ತಿದೆ ಎಂದೆ. ಕಣ್ಣಿನಿಂದ ಇಳಿದ ನೀರು ಕೆನ್ನೆಯ ಮೇಲೆ ಗಟ್ಟಿಯಾಗುತ್ತಿತ್ತು. ನಿಲ್ಲಿಸಿದೆ. ಕೂಲರಿನ ಸದ್ದು. ಆಮೇಲೆ, ಮೂರು ವಾರದಲ್ಲಿ ಮೊದಲ ಸಲ, ಅಮ್ಮನ ದನಿ. ನಾಲಿಗೆ ಎಳೆದು, ತಡವರಿಸಿ, ಒಂದೇ ಒಂದು ಮಾತು.

"ಒಳಗೆ."

ನನಗೆ ತಿಳಿಯಲಿಲ್ಲ. "ಏನಮ್ಮಾ?"

"ಒಳಗೆ... ಹೋಗು."

ನಾನು ಚಿಕ್ಕವಳಿದ್ದಾಗ ಗ್ರಹಣದ ದಿನ ಕಿಟಕಿ ಮುಚ್ಚಿ, ಉಪ್ಪಿನಕಾಯಿ ಜಾಡಿಯ ಮೇಲೆ ದರ್ಭೆ ಇಟ್ಟು, ಅಂಗಳಕ್ಕೆ ಇಣುಕಿದರೆ ಇದೇ ದನಿಯಲ್ಲಿ ಗದರುತ್ತಿದ್ದಳು. ಆ ಕಡೆ ವೈನಿ ಅಳುತ್ತಲೋ ನಗುತ್ತಲೋ ಯಾರಿಗೋ ಮರಾಠಿಯಲ್ಲಿ ಕೂಗಿ ಹೇಳುತ್ತಿದ್ದರು: ಮಾತಾಡಿದರು, ಅಮ್ಮ ಮಾತಾಡಿದರು. ನಾನು ಹಿಮದ ಮೇಲೆ ಕೂತುಬಿಟ್ಟೆ. ಅಷ್ಟರಲ್ಲಿ ಫೋನಿನ ಬ್ಯಾಟರಿ ಮುಗಿಯಿತು.

ಡಾಕ್ಟರಾಗಿ ಹೇಳಬೇಕಾದ್ದನ್ನು ಹೇಳುತ್ತೇನೆ. ಅದು ಪವಾಡವಲ್ಲ. ಮಿದುಳಿನ ಬಾವು ಇಳಿಯುತ್ತ ಬಂದಿತ್ತು, ಅಂದಲ್ಲದಿದ್ದರೆ ಇನ್ನೊಂದು ವಾರಕ್ಕೆ ಮಾತು ಬರುತ್ತಿತ್ತೋ ಏನೋ. ದಿನಾ ಎರಡು ಮೂರು ತಾಸು ಕಿವಿಗೆ ಕನ್ನಡ ಬೀಳುತ್ತಿದ್ದುದರ ಪಾಲು ಅದರಲ್ಲಿ ಎಷ್ಟು ಎಂದು ಅಳೆಯುವ ಉಪಕರಣ ನನ್ನ ಬಳಿ ಇಲ್ಲ.

ಅಮ್ಮ ಹೇಳಿದಂತೆ ಒಳಗೇ ಹೋದೆ, ಜನರೇಟರ್ ಖೋಲಿಗೆ. ಅಣ್ಣ ಸ್ಟೂಲಿನ ಮೇಲೆ ಕೂತು ರೀಡಿಂಗ್ ಬರೆಯುತ್ತಿದ್ದರು. "ಮಾತಾಡಿದಳು" ಎಂದೆ. ಅವರು ಪೆನ್ನು ಕೆಳಗಿಟ್ಟರು.

"ಏನಂದ್ರು?"

"ಒಳಗೆ ಹೋಗು ಅಂತ ಬೈದಳು."

ಅವರು ನಕ್ಕಿದ್ದು ಸದ್ದಿನಲ್ಲಿ ಕೇಳಿಸಲಿಲ್ಲ, ಭುಜ ಕುಣಿದದ್ದು ಕಂಡಿತು. ಕಣ್ಣೊರೆಸಿಕೊಂಡದ್ದೂ ಕಂಡಿತು. ಗ್ರಹಣ ಬಿಡಲು ಇನ್ನೂ ಸಮಯವಿತ್ತು. "ನೀವು ಹೋಗಿ ನೋಡಿ ಬನ್ನಿ, ನಾನಿರ್ತೀನಿ" ಎಂದೆ. ಡ್ಯೂಟಿ ಬಿಟ್ಟು ಹೋಗುವ ಮನುಷ್ಯ ಅಲ್ಲ. ಎಂಜಿನ್ನಿನ ಮೇಲೆ ಅಂಗೈ ಇಟ್ಟು ಯೋಚಿಸಿದರು. ನಾನು ಸ್ಟೆತಸ್ಕೋಪ್ ಕಿವಿಗೆ ಹಾಕಿಕೊಂಡು ಅವರೇ ಕಲಿಸಿದ ನಾಲ್ಕು ಜಾಗ ಕೇಳಿ, "ಎಲ್ಲ ಬರೋಬರ್ ಐತಿ" ಎಂದೆ, ಅವರದೇ ಭಾಷೆಯಲ್ಲಿ. ಆಗ ಎದ್ದರು.

ಇಪ್ಪತ್ತು ನಿಮಿಷ ಬಿಟ್ಟು ಬಂದರು. ಹುಬ್ಬಿನ ಮೇಲೆ ಹಿಮದ ಹುಡಿ ಕೂತಿತ್ತು. ಹೇಗಿತ್ತು ಎಂದೆ.

"ಬಾಯ್ಲರಿನ ಕಿಂಡಿಯಾಗ ಬೆಂಕಿ ನೋಡ್ತೇವಲ್ರಿ, ಥೇಟ್ ಹಂಗ. ಆದ್ರ ಸದ್ದಿಲ್ಲ, ಝಳಾ ಇಲ್ಲ." ಹುಬ್ಬಿನ ಹಿಮ ಒರೆಸಿಕೊಂಡು ಸೇರಿಸಿದರು. "ಇಷ್ಟ ವರ್ಷ ಸದ್ದಿನ್ಯಾಗ ದುಡದೇನಿ. ಅಷ್ಟ ದೊಡ್ಡದು ಒಂದು ಸದ್ದಿಲ್ಲದ ನಡದದ್ದು ನಾ ನೋಡಿದ್ದಿಲ್ಲ."

ನಾವು ನಾಗಪುರಕ್ಕೆ ಹಿಂತಿರುಗಿದಾಗ ಅಮ್ಮ ಕೋಲು ಹಿಡಿದು ನಡೆಯುತ್ತಿದ್ದಳು. ಮಾತು ಎರಡು ಮೂರು ಪದಕ್ಕೆ ಮುಗಿಯುತ್ತಿತ್ತು. ಅಂದು ಒಳಗೆ ಹೋಗು ಎಂದದ್ದು ಗ್ರಹಣಕ್ಕೋ ಚಳಿಗೋ ಎಂದು ಕೇಳಿದರೆ, "ಎರಡಕ್ಕೂ" ಎನ್ನುತ್ತಾಳೆ. ಅಣ್ಣ, ವೈನಿ ತಿಂಗಳಿಗೆರಡು ಭಾನುವಾರ ಬರುತ್ತಿದ್ದರು. ವೈನಿ ಜೋಳದ ರೊಟ್ಟಿ ತರುತ್ತಿದ್ದರು. ಅಮ್ಮ ಎಡಗೈಯಲ್ಲಿ ಮುರಿದು ತಿನ್ನುವುದನ್ನು ಕಲಿತಳು. ಅಣ್ಣ ಮನೆಯಲ್ಲಿ ಕೆಟ್ಟದ್ದೇನಿದೆ ಎಂದು ಹುಡುಕುತ್ತಿದ್ದರು. ಏನೂ ಕೆಡದಿದ್ದರೆ ಮುಖ ಸಣ್ಣದಾಗುತ್ತಿತ್ತು. ನಾವಿಬ್ಬರೂ ಆ ಗ್ರಹಣದ ಮಾತು ಮತ್ತೆ ಹೆಚ್ಚು ಆಡಲಿಲ್ಲ. ಅವರಿಗೆ ಕೃತಜ್ಞತೆ ಹೇಳಲು ಎರಡು ಮೂರು ಸಲ ಪ್ರಯತ್ನಿಸಿದೆ. ಪ್ರತಿ ಸಲವೂ ಅವರಿಗೆ ಯಾವುದೋ ನಲ್ಲಿ ಸೋರುವುದು ಕಾಣಿಸಿತು.

ಅವರು ಹೋದ ದಿನ ಸಂಜೆ, ಎಲ್ಲ ಮುಗಿದ ಮೇಲೆ, ವೈನಿ ನನ್ನ ಪಕ್ಕ ಕೂತು ನಿಧಾನವಾಗಿ ಒಂದು ವಿಷಯ ಹೇಳಿದರು. ಅಣ್ಣ ಧ್ರುವದಲ್ಲಿದ್ದ ಆ ವರ್ಷ, ನಾಗಪುರದ ಬೇಸಿಗೆಯಲ್ಲೇ, ಇಲ್ಲಿ ಅವರ ಮಗಳ ಮದುವೆಯ ಮಾತುಕತೆ ನಡೆಯುತ್ತಿತ್ತಂತೆ. ಗಂಡಿನ ಕಡೆಯವರು ಬಂದು ಹೋಗುವುದು, ಒಪ್ಪುವುದು, ದಿನ ಹಿಡಿಯುವುದು, ಎಲ್ಲವನ್ನೂ ವೈನಿ ಒಬ್ಬರೇ ನಿಭಾಯಿಸಿದ್ದರು. ಆ ವರ್ಷ ನಾನು ಅಣ್ಣನ ಜೊತೆ ಒಂದೇ ಖೋಲಿಯಲ್ಲಿ ದಿನಗಟ್ಟಲೆ ಕೂತಿದ್ದೆ. ಮಗಳ ಮದುವೆ ಗೊತ್ತಾಗುತ್ತಿದೆ ಎಂಬ ಒಂದು ಮಾತು ಅವರ ಬಾಯಿಂದ ಬಂದಿರಲಿಲ್ಲ.

"ವಾರಕ್ಕ ಹತ್ತ ಮಿನಿಟ್ ಫೋನ್ ಸಿಗತಿತ್ತಲ್ರಿ ಅವರಿಗೆ," ಎಂದರು ವೈನಿ. "ಫೋನ್ ಹಚ್ಚಿದ ಕೂಡಲೇ ಕೇಳತಿದ್ದದ್ದು ಒಂದ. ಅಮ್ಮಾರು ಇವತ್ತ ಎಷ್ಟ ಉಂಡ್ರು, ಕೈ ಏನರ ಅಲುಗ್ಯಾಡಿಸಿದ್ರೇನು, ನೀ ಏನ ಮಾತಾಡಿದಿ, ಮುಖದಾಗ ತಿಳದ್ಹಂಗ ಇತ್ತೇನು. ಅದರಾಗ ಎಂಟ ಮಿನಿಟ್ ಹೋಗತಿತ್ತು. ಉಳದ ಎರಡರಾಗ ನಾ ಮಗಳ ಸುದ್ದಿ ಹೇಳತಿದ್ದೆ."

"ವೈನಿ, ನಿಮಗೆ ಸಿಟ್ಟು ಬರಲಿಲ್ವಾ?"

"ಬಂದಿತ್ತು. ಒಂದ ಸಲ ಬೈದೆ. ಅದಕ್ಕ ಅವರು, ನಿನ್ನ ಹತ್ರ ಮಗಳದಾಳ, ಮಗಳ ಹತ್ರ ನೀ ಅದಿ, ಅಮ್ಮಾರ ಹತ್ರ ಅವರವರು ಯಾರದಾರ ಅಂದ್ರು. ಮರುದಿನಾ ಮತ್ತ ಆಟೋ ಹಿಡದೆ."

ಆ ಹತ್ತು ನಿಮಿಷಕ್ಕಾಗಿ ಆ ಚಳಿಗಾಲದಲ್ಲಿ ನಾವೆಲ್ಲ ಹೇಗೆ ಕಾಯುತ್ತಿದ್ದೆವು, ಪಟ್ಟಿಯಲ್ಲಿ ಹೆಸರು ಹಿಂದಾದರೆ ಹೇಗೆ ಮುಖ ತಿರುಗಿಸುತ್ತಿದ್ದೆವು ಎಂದು ನನಗೆ ಗೊತ್ತಿತ್ತು.

ಮರುದಿನ ಬೆಳಿಗ್ಗೆ ನಾನು ಆಸ್ಪತ್ರೆಗೆ ಹೊರಡುವಷ್ಟರಲ್ಲಿ ಅಮ್ಮ ಸೀರೆ ಉಟ್ಟು, ಕೋಲು ಹಿಡಿದು ಬಾಗಿಲ ಹತ್ತಿರ ನಿಂತಿದ್ದಳು. ಎಲ್ಲಿಗೆ ಎಂದೆ. "ಅವಳ ಮನೆ" ಎಂದಳು. ಲಕ್ಷ್ಮೀ ನಗರಕ್ಕೆ ಕರೆದುಕೊಂಡು ಹೋದೆ. ಮನೆ ತುಂಬ ಗದಗಿನಿಂದ ಬಂದ ನೆಂಟರು. ಮಗಳು ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಓಡಾಡುತ್ತಿದ್ದಳು. ವೈನಿ ಒಳಕೋಣೆಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ಯಾರು ಏನು ಕೇಳಿದರೂ ಅವರು ಉತ್ತರ ಕೊಡುತ್ತಿಲ್ಲ ಎಂದು ಮಗಳು ಹೇಳಿದಳು. ಅಷ್ಟು ಮಾತಿನ ಹೆಂಗಸು.

ಅಮ್ಮ ನೆಲದ ಮೇಲೆ ಕೂರುವುದನ್ನು ಬಿಟ್ಟು ವರ್ಷಗಳಾಗಿದ್ದವು. ನನ್ನ ತೋಳು ಹಿಡಿದು, ಕೋಲನ್ನು ಪಕ್ಕಕ್ಕಿಟ್ಟು, ಹೇಗೋ ಮಾಡಿ ವೈನಿಯ ಪಕ್ಕ ಕೂತಳು. ವೈನಿ ತಿರುಗಿ ನೋಡಿದರು. ನಾನು ನಿಂತೇ ಇದ್ದೆ. ಎಷ್ಟು ಹೊತ್ತು ಕೂರುತ್ತಾಳೆ, ಯಾವಾಗ ಎಬ್ಬಿಸಬೇಕು, ಬಾತ್‌ರೂಮಿಗೆ ಯಾರು ಕರೆದುಕೊಂಡು ಹೋಗುತ್ತಾರೆ ಎಂದು ಲೆಕ್ಕ ಹಾಕುತ್ತಿದ್ದೆ.

ಅಮ್ಮ ತಲೆ ಎತ್ತಿ ನನ್ನನ್ನು ನೋಡಿದಳು. ಪದಗಳನ್ನು ಒಂದೊಂದಾಗಿ ಹುಡುಕಿ, ನಡುವೆ ನಿಂತು ನಿಂತು, ಮತ್ತೆ ಹಿಡಿದು, ಕಾಯಿಲೆ ಬಿದ್ದ ಮೇಲೆ ಆಡಿದ ಅತಿ ಉದ್ದದ ಮಾತು ಆಡಿದಳು.

"ನೀನು ಕೆಲಸಕ್ಕೆ ಹೋಗು. ಪೇಷೆಂಟುಗಳು ಕಾಯ್ತಿರ್ತಾರೆ. ಇವಳ ಹತ್ರ ನಾನು ಇರ್ತೀನಿ."